ನಮ್ಮ ಐನ್‌ಮನೆಯನ್ನು ಹೊರಗಿನವರಿಗೆ ತೆರೆಯುವಾಗ ಯಾವುದನ್ನು, ಯಾವ ಕ್ರಮದಲ್ಲಿ ವಿವರಿಸಬೇಕು?

ಪ್ರಶ್ನೆ: ನಾಪೋಕ್ಲು ಕಡೆಯವನು

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಸಮೀಪದಲ್ಲಿರುವ ನಮ್ಮ ಒಕ್ಕದ (ಒಂದೇ ಮೂಲದ ಕೊಡವ ಕುಟುಂಬದ) ಐನ್‌ಮನೆಯ, ಅಂದರೆ ಹಿರಿಯರ ಮೂಲಮನೆಯ, ಮುಂಭಾಗವನ್ನು ವಾರದಲ್ಲಿ ಎರಡು ದಿನ ಹೊರಗಿನವರ ವೀಕ್ಷಣೆಗೂ ತೆರೆದಿಡಬೇಕೆಂದು ಈ ವರ್ಷದ ಒಕ್ಕದ ಸಭೆಯಲ್ಲಿ ಹಿರಿಯರು ತೀರ್ಮಾನಿಸಿದ್ದಾರೆ. ಮನೆಯಲ್ಲಿ ಈಗ ನನ್ನ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೇ ಇದ್ದಾರೆ. ಉಳಿದ ನಾವೆಲ್ಲ ಮೈಸೂರು, ಬೆಂಗಳೂರು ಎಂದು ಹರಡಿಹೋಗಿದ್ದು, ಸುಗ್ಗಿಯ ಹಬ್ಬವಾದ ಪುತ್ತರಿ, ಆಯುಧ ಪೂಜಿಸುವ ಹಬ್ಬವಾದ ಕೈಲ್‌ಪೊಳ್ದ್ ಮತ್ತು ಕಾರೋಣರಿಗೆ (ಗತಿಸಿದ ಹಿರಿಯರಿಗೆ) ಎಡೆಯಿಡುವ ದಿನಗಳಲ್ಲಿ ಮಾತ್ರ ಅಲ್ಲಿ ಸೇರುತ್ತೇವೆ. ಮನೆಯನ್ನು ಬೀಗ ಹಾಕಿದ ಪೆಟ್ಟಿಗೆಯಂತೆ ಇಟ್ಟು ಕೊನೆಗೊಂದು ದಿನ ಗೆದ್ದಲಿಗೆ ಒಪ್ಪಿಸುವುದಕ್ಕಿಂತ ನಾಲ್ಕು ಜನ ನೋಡಿ ತಿಳಿಯುವಂತೆ ಇಡುವುದು ಮೇಲೆಂಬುದು ಎಲ್ಲರ ಅಭಿಪ್ರಾಯ. ನೋಡಲು ಬಂದವರಿಗೆ ವಿವರಣೆಯ ಫಲಕಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಮನೆಯ ಸ್ವರೂಪವನ್ನು ಹೇಳುತ್ತೇನೆ. ಗದ್ದೆಯ ಬಯಲಿನಿಂದ ಮೇಲಕ್ಕೆ ಏರುವ ಓಣಿ, ಅದರ ತುದಿಯಲ್ಲಿ ಅಂಗಳ, ಅಂಗಳದಿಂದ ಕಲ್ಲಿನ ಮೆಟ್ಟಿಲು ಹತ್ತಿದರೆ ನಾಲ್ಕು ಮರದ ಕಂಬಗಳ ಕಯ್ಯಾಲೆ (ಜಗಲಿ), ಕಂಬಗಳ ನಡುವೆ ಐಮರ (ಕೂರುವ ಹಲಗೆ), ಕೆತ್ತನೆಯ ಬಾಗಿಲವಾಡ, ಒಳಗೆ ನೆಲ್ಲಕ್ಕಿ ನಡುಬಾಡೆ (ನಡುವಿನ ಹಜಾರ), ಅದರ ಮಗ್ಗುಲಿಗೆ ಕನ್ನಿಕೊಂಬರೆ (ಕಾರೋಣರಿಗೆ ಎಡೆಯಿಡುವ ಕೋಣೆ), ಹಿಂದೆ ತೆರೆದ ತೊಟ್ಟಿ, ತೊಟ್ಟಿಯ ಸುತ್ತ ಕೋಣೆಗಳು ಮತ್ತು ಅಡುಗೆಮನೆ. ಗೋಡೆಗಳು ಮಣ್ಣಿನವು, ಮಾಡಿಗೆ ಮಂಗಳೂರು ಹೆಂಚು. ಕೆಲವು ಹೆಂಚುಗಳ ಒಳಮೈಯಲ್ಲಿ 1865 ಎಂಬ ಇಸವಿ ಕಾಣುವುದರಿಂದ ಮನೆಯನ್ನು ಆ ವರ್ಷದಲ್ಲಿ ಕಟ್ಟಿದ್ದಾರೆಂದು ನಮ್ಮಲ್ಲಿ ಹೇಳುವುದುಂಟು.

ಬರೆಯಲು ಕೂರುವ ಮೊದಲು ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ‘ಸನ್ನಿಸೈಡ್’ ಮನೆಯನ್ನು ನೋಡಿಬಂದೆ. 1906ರಲ್ಲಿ ಹುಟ್ಟಿದ ಒಬ್ಬ ಬಾಲಕ ಭೂಸೇನೆಯ ಮುಖ್ಯಸ್ಥನಾಗಿ, ಕೊನೆಗೆ 1965ರಲ್ಲಿ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಹೊಣೆ ಹೊತ್ತಿದ್ದಾಗಲೇ ತೀರಿಕೊಂಡ ಕಥೆಯನ್ನು ಅಲ್ಲಿ ಕೋಣೆಯಿಂದ ಕೋಣೆಗೆ ನಡೆಯುತ್ತ ಓದಬಹುದು. 2021ರಲ್ಲಿ ತೆರೆದ ಆ ವಸ್ತುಸಂಗ್ರಹಾಲಯಕ್ಕೆ ಒಬ್ಬ ವ್ಯಕ್ತಿಯ ಜೀವನವೇ ದಾರಿ ತೋರಿಸುತ್ತದೆ. ನಮ್ಮ ಮನೆ ಯಾರೊಬ್ಬರದೂ ಅಲ್ಲ, ಅಲ್ಲಿ ಹುಟ್ಟಿ ಹೋದವರೆಲ್ಲರದು. ಆದ್ದರಿಂದ ಎಲ್ಲಿಂದ ಆರಂಭಿಸಬೇಕೆಂಬುದೇ ನನಗೆ ತೋಚುತ್ತಿಲ್ಲ.

ಇನ್ನೆರಡು ವಿಷಯಗಳಲ್ಲಿ ಒಕ್ಕದೊಳಗೇ ಒಮ್ಮತವಿಲ್ಲ. ಕನ್ನಿಕೊಂಬರೆಯನ್ನು ಹೊರಗಿನವರಿಗೆ ತೋರಿಸಬಹುದೇ ಎಂಬುದು ಒಂದು. ಜನ ಬರುವ ಮೊದಲು ಕಂಬ, ಬಾಗಿಲುಗಳಿಗೆ ಹೊಳೆಯುವ ಬಣ್ಣ ಬಳಿಸಿ, ನೆಲಕ್ಕೆ ಟೈಲ್ಸ್ ಹಾಕಿಸಿ, ಗೋಡೆಗಳಿಗೆ ಸಿಮೆಂಟ್ ಗಾರೆ ಮಾಡಿಸಬೇಕೆಂದು ಕೆಲವರು ಹೇಳುತ್ತಿರುವುದು ಇನ್ನೊಂದು. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ವಿರಾಜಪೇಟೆ ಕಡೆಯ ನಿವೃತ್ತ ಶಿಕ್ಷಕ

ನಿಮ್ಮ ಹಿರಿಯರ ತೀರ್ಮಾನ ಓದಿ ಮನಸ್ಸು ತುಂಬಿತು. ಎಲ್ಲಿಂದ ಆರಂಭಿಸಬೇಕೆಂಬುದಕ್ಕೆ ಉತ್ತರ ನಿಮ್ಮ ಪ್ರಶ್ನೆಯೊಳಗೇ ಇದೆ. ಮನೆಯ ಸ್ವರೂಪ ಹೇಳಲು ಹೊರಟಾಗ ನೀವು ಗದ್ದೆಯಿಂದ ಹೊರಟು, ಓಣಿ ಹತ್ತಿ, ಅಂಗಳ ದಾಟಿ, ಕಯ್ಯಾಲೆಗೆ ಬಂದು, ಆಮೇಲೆ ಒಳಗೆ ಹೋಗಿದ್ದೀರಿ. ಐನ್‌ಮನೆಯನ್ನು ಕಟ್ಟಿದವರು ಬರುವವರನ್ನು ಹೀಗೆಯೇ ಕರೆತರಬೇಕೆಂದು ಯೋಚಿಸಿ ಕಟ್ಟಿದ್ದಾರೆ. ಆದ್ದರಿಂದ ನಿಮ್ಮ ಮೊದಲ ಫಲಕ ಮನೆಯೊಳಗೆ ಇರಬಾರದು, ಓಣಿಯ ಬಾಯಲ್ಲಿ ಇರಬೇಕು. ವಾಹನಗಳನ್ನು ಅಂಗಳದವರೆಗೆ ಬಿಡದೆ ಕೆಳಗೇ ನಿಲ್ಲಿಸಿ, ನೋಡಲು ಬಂದವರು ಓಣಿಯಲ್ಲಿ ನಡೆದೇ ಬರುವಂತೆ ಮಾಡಿ. ಎರಡು ಕಡೆ ಎತ್ತರದ ಮಣ್ಣಿನ ದಂಡೆಯೋ ಕಲ್ಲಿನ ಗೋಡೆಯೋ ಇರುವ ಆ ಇಕ್ಕಟ್ಟಾದ ದಾರಿಯಲ್ಲಿ ಬರುವವರು ಮನೆಯವರ ಕಣ್ಣಿಗೆ ಮೊದಲೇ ಬೀಳುತ್ತಿದ್ದರು, ಅವರಿಗೆ ಮನೆ ಕಾಣುತ್ತಿದ್ದುದು ಕೊನೆಯ ತಿರುವಿನಲ್ಲಿ ಮಾತ್ರ. ಕಾದಾಟದ ಕಾಲದಲ್ಲಿ ಇದರ ಬೆಲೆ ಏನಿತ್ತೆಂಬುದನ್ನು ಹತ್ತು ಸಾಲಿನ ವಿವರಣೆಗಿಂತ ಆ ನಡಿಗೆಯೇ ಚೆನ್ನಾಗಿ ತಿಳಿಸುತ್ತದೆ.

ಅಂಗಳದಲ್ಲಿ ನಿಂತಾಗ ಮನೆ ಯಾವ ದಿಕ್ಕಿಗೆ ಮುಖ ಮಾಡಿದೆಯೆಂಬುದನ್ನು ತಿಳಿಸಿ. ಪೂರ್ವಕ್ಕೆ ಮುಖ, ಕೆಳಗೆ ಗದ್ದೆ, ಬೆನ್ನಿಗೆ ಏರು ಮತ್ತು ಕಾಡು, ಇದು ನಮ್ಮ ಐನ್‌ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ನೆಲೆ. ಬೆಳೆ ಬೆಳೆಯುವ ಚಪ್ಪಟೆ ನೆಲದ ಒಂದು ಗೇಣನ್ನೂ ಕಟ್ಟಡಕ್ಕೆ ಬಳಸದೆ ಇಳಿಜಾರನ್ನು ಸವರಿ ಮನೆ ಕಟ್ಟಿದವರ ಲೆಕ್ಕಾಚಾರ ಅದರಲ್ಲಿದೆ. ಭತ್ತ ಒಕ್ಕುವ ಕಣ, ಕೊಟ್ಟಿಗೆ, ಭತ್ತ ತುಂಬಿಡುವ ಪತ್ತಾಯ ಇವುಗಳ ಗುರುತು ಉಳಿದಿದ್ದರೆ ಅವನ್ನೂ ತೋರಿಸಿ. ಸಮೀಪದಲ್ಲಿ ಕೈಮಡ ಇದ್ದರೆ ಒಕ್ಕದ ಮೂಲ ಕಾರೋಣರ ಗುಡಿ ಅದೆಂದು ಹೇಳಿ, ದೂರದಿಂದಲೇ ಕೈಮುಗಿಯಲು ಬಿಡಿ.

ಕಯ್ಯಾಲೆಯ ಬಳಿ ಹೆಚ್ಚು ಹೊತ್ತು ನಿಲ್ಲಿಸಿ. ಐನ್‌ಮನೆಯ ಮರಗೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಐಮರ. ಕಂಬದಿಂದ ಕಂಬಕ್ಕೆ ಕೂಡಿಸಿದ ಆ ದಪ್ಪನೆಯ, ಅಗಲವಾದ ಹಲಗೆ ನೂರಾರು ಮಳೆಗಾಲಗಳ ತೇವವನ್ನು ಕಂಡಿದೆ, ಆದರೂ ಅದರ ಮೇಲ್ಮೈ ಕನ್ನಡಿಯಂತೆ ನಯವಾಗಿದೆ. ಅದು ಕೂತವರ ಬಟ್ಟೆ, ಕೈಗಳಿಂದಲೇ ಬಂದ ನಯ. ನಮ್ಮ ಮನೆಯಲ್ಲಿ ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರು ಕೂರುತ್ತಿದ್ದ ಬಲಗಡೆಯ ತುದಿಯಲ್ಲಿ ಹಲಗೆ ಸ್ವಲ್ಪ ತಗ್ಗಾಗಿರುವುದು ಕೈಯಾಡಿಸಿದರೆ ಗೊತ್ತಾಗುತ್ತದೆ. ಒಕ್ಕದ ಆಸ್ತಿ, ಮದುವೆ, ಜಗಳ, ರಾಜಿ ಎಲ್ಲವೂ ಅಲ್ಲಿ ಕುಳಿತೇ ಇತ್ಯರ್ಥವಾಗುತ್ತಿತ್ತು. ಹಿರಿಯರು ಐಮರದಲ್ಲಿ ಕುಳಿತಿರುವಾಗ ಕಿರಿಯರಾದ ನಾವು ಕಂಬಕ್ಕೆ ಒರಗಿ ನಿಲ್ಲುತ್ತಿದ್ದೆವೇ ಹೊರತು ಸಮನಾಗಿ ಕೂರುತ್ತಿರಲಿಲ್ಲ. ಇಂಥ ಸಂಗತಿಗಳನ್ನು ನಿಮ್ಮ ದೊಡ್ಡಪ್ಪನವರಿಂದ ಕೇಳಿ ಈಗಲೇ ಬರೆದುಕೊಳ್ಳಿ. ಮರದ ಅಳತೆಯನ್ನು ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು, ಇವುಗಳನ್ನು ಹಾಗೆ ತೆಗೆದುಕೊಳ್ಳಲಾಗದು.

ಬಾಗಿಲವಾಡದ ಕೆತ್ತನೆಯನ್ನು ಎಲ್ಲರೂ ತಾವಾಗಿಯೇ ನೋಡುತ್ತಾರೆ, ಅದಕ್ಕೆ ಉದ್ದನೆಯ ವಿವರಣೆ ಬೇಕಿಲ್ಲ. ಒಳಗಿನ ನೆಲ್ಲಕ್ಕಿ ನಡುಬಾಡೆಯ ವಿಷಯ ಹಾಗಲ್ಲ. ಹೊರಗಿನಿಂದ ಬಂದವರಿಗೆ ಅದು ಬರಿಯ, ಸ್ವಲ್ಪ ಕತ್ತಲೆಯ ಹಜಾರದಂತೆ ಕಾಣಬಹುದು. ಅಲ್ಲಿ ತೂಗುವ ದೀಪ, ಅಂದರೆ ತೂಕ್ ಬೊಳ್ಚ, ಬೆಳಿಗ್ಗೆ ಮತ್ತು ಸಂಜೆ ಹತ್ತುತ್ತದೆ. ಕಾರೋಣರ ಸಾನ್ನಿಧ್ಯ ಆ ದೀಪದಲ್ಲಿದೆಯೆಂದು ನಂಬಿ ನಾವು ಮನೆಯಿಂದ ಹೊರಡುವಾಗ, ಮರಳಿ ಬಂದಾಗ ಅದಕ್ಕೆ ನಮಸ್ಕರಿಸುತ್ತೇವೆ. ಮದುವೆಯ ದಿನ ಮುಕ್ಕಾಲಿಯ ಮೇಲೆ ಕುಳಿತ ಮಗನಿಗೋ ಮಗಳಿಗೋ ಅಕ್ಕಿ ಹಾಕಿ ಹರಸುವುದು, ಪುತ್ತರಿಯ ರಾತ್ರಿ ಗದ್ದೆಯಿಂದ ತಂದ ಕದಿರನ್ನು ಕಟ್ಟುವುದು, ದುಡಿ ಹಿಡಿದು ಒಕ್ಕದ ಹಿರಿಯರನ್ನು ಹಾಡಿ ಹೊಗಳುವುದು, ಎಲ್ಲವೂ ಆ ಕೋಣೆಯಲ್ಲಿ ನಡೆಯುತ್ತವೆ. ಮನೆಯ ಮಿಕ್ಕ ಎಲ್ಲ ಬಾಗಿಲುಗಳೂ ಆ ಕೋಣೆಯ ಕಡೆಗೆ ಏಕೆ ತೆರೆದುಕೊಳ್ಳುತ್ತವೆಂಬುದು ಆಗ ನೋಡುಗರಿಗೆ ತಾನಾಗಿ ಅರ್ಥವಾಗುತ್ತದೆ. ಚಪ್ಪಲಿಗಳನ್ನು ಮೆಟ್ಟಿಲ ಕೆಳಗೇ ಬಿಡಿಸಿ.

ಕನ್ನಿಕೊಂಬರೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ನೈಋತ್ಯ ಮೂಲೆಯ ಆ ಕೋಣೆ ಕಾರೋಣರಿಗೆ ಮೀದಿ, ಅಂದರೆ ಎಡೆ, ಇಡುವ ಜಾಗ. ಅದರ ಬಾಗಿಲನ್ನು ಹಾಕಿಯೇ ಇರಿಸಿ.

ಉತ್ತರ 2: ಮಡಿಕೇರಿಯ ವಾಸ್ತುಶಿಲ್ಪಿ

ಹಳೆಯ ಮನೆಗಳ ದುರಸ್ತಿಯ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತಿರುವುದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಮೊದಲು ಒಂದು ವಿನಂತಿ: ಸಿಮೆಂಟ್ ಗಾರೆಯ ಕೆಲಸಕ್ಕೆ ಮುಂಗಡ ಕೊಟ್ಟಿದ್ದರೆ ದಯವಿಟ್ಟು ಇಂದೇ ನಿಲ್ಲಿಸಿ.

ಮಣ್ಣಿನ ಗೋಡೆ ನೆಲದಿಂದ ತೇವವನ್ನು ಹೀರುತ್ತದೆ, ಹೊರಮೈಯಿಂದ ಅದನ್ನು ಗಾಳಿಗೆ ಬಿಡುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಊರುಗಳಲ್ಲಿ ಈ ಗೋಡೆಗಳು ಇಷ್ಟು ಕಾಲ ನಿಂತಿರುವುದಕ್ಕೆ ಕಾರಣ ಅವುಗಳ ಗಟ್ಟಿತನ ಮಾತ್ರವಲ್ಲ, ಒದ್ದೆಯಾದದ್ದು ಒಣಗಲು ಅವಕ್ಕೆ ದಾರಿಯಿತ್ತು. ಸಿಮೆಂಟ್ ಗಾರೆ ಆ ದಾರಿಯನ್ನು ಮುಚ್ಚುತ್ತದೆ. ತೇವ ಒಳಗೇ ಉಳಿದು, ಮಣ್ಣು ಮೆತ್ತಗಾಗಿ, ಕೆಲವು ಮಳೆಗಾಲಗಳಲ್ಲೇ ಗಾರೆ ಹೊಪ್ಪಳೆಯಾಗಿ ಕಳಚಿ ಬೀಳುತ್ತದೆ. ಬೀಳುವಾಗ ಗೋಡೆಯ ಒಂದು ಪದರವನ್ನೂ ಜತೆಗೆ ಎಳೆದುಕೊಂಡು ಬರುತ್ತದೆ. ನೆಲಕ್ಕೆ ಹೊಳಪಿನ ಟೈಲ್ಸ್ ಹಾಕಿದರೂ ಇದೇ ಆಗುತ್ತದೆ: ನೆಲದಡಿಯ ತೇವಕ್ಕೆ ಮೇಲೆ ಬರಲು ಜಾಗವಿಲ್ಲದೆ ಅದು ಗೋಡೆಯ ಬುಡಕ್ಕೆ ಸರಿಯುತ್ತದೆ. ಬಿರುಕುಗಳನ್ನು ಅದೇ ಜಾಗದ ಜರಡಿ ಹಿಡಿದ ಮಣ್ಣಿಗೆ ಸುಣ್ಣ ಬೆರೆಸಿ ತುಂಬಿಸಿ, ಮೇಲೆ ಸುಣ್ಣ ಬಳಿಸಿ. ವರ್ಷಕ್ಕೊಮ್ಮೆ ಬಳಿಯಬೇಕಾದ ಕೆಲಸವೆಂದು ಬೇಸರ ಬೇಡ, ಹಾಗೆ ಬಳಿಯುವಾಗಲೇ ಗೋಡೆಯ ಒಂದೊಂದು ಗೇಣನ್ನೂ ಯಾರೋ ಒಬ್ಬರು ಹತ್ತಿರದಿಂದ ನೋಡುತ್ತಾರೆ.

ಮರಕ್ಕೆ ಹೊಳಪಿನ ಎನಾಮೆಲ್ ಬಣ್ಣ ಬೇಡ. ಕೆತ್ತನೆಯ ಸಣ್ಣ ಗೆರೆಗಳನ್ನು ಅದು ತುಂಬಿಬಿಡುತ್ತದೆ, ಉತ್ತರ 1ರಲ್ಲಿ ಹಿರಿಯರು ಅಷ್ಟು ಪ್ರೀತಿಯಿಂದ ಬರೆದಿರುವ ಐಮರದ ನಯವನ್ನು ಒಂದೇ ದಿನದಲ್ಲಿ ಅಳಿಸಿಹಾಕುತ್ತದೆ. ಒಣ ಬಟ್ಟೆಯಿಂದ ಒರೆಸಿ, ಮಳೆಗಾಲ ಕಳೆದು ಮರ ಚೆನ್ನಾಗಿ ಒಣಗಿದ ಮೇಲೆ ಅಗಸೆ ಎಣ್ಣೆಯನ್ನು ತೆಳುವಾಗಿ ತೀಡಿದರೆ ಸಾಕು. ಯಾವ ಕಂಬ ಹಲಸು, ಯಾವ ತೊಲೆ ಬೀಟೆ ಅಥವಾ ತೇಗವೆಂಬುದನ್ನು ಅನುಭವಸ್ಥ ಬಡಗಿಯೊಬ್ಬರಿಂದ ಗುರುತಿಸಿ ಬರೆದಿಡಿ, ಮುಂದೆ ಒಂದು ತುಂಡನ್ನು ಬದಲಿಸಬೇಕಾಗಿ ಬಂದಾಗ ಅದೇ ಜಾತಿಯ ಮರ ಹುಡುಕಲು ಅದು ಬೇಕಾಗುತ್ತದೆ.

ಅಡುಗೆಮನೆಯ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ಮನೆಯ ಆಯುಸ್ಸು ಅಲ್ಲಿದೆ. ಸೌದೆಯ ಒಲೆಯ ಹೊಗೆ ಅಟ್ಟಕ್ಕೇರಿ, ತೊಲೆ, ಪಕಾಸಿಗಳಿಗೆ ಕಪ್ಪಾಗಿ ಮೆತ್ತಿಕೊಂಡು, ಮರವನ್ನು ಒಣಗಿಸಿ, ಹುಳುಗಳನ್ನು ದೂರವಿಡುತ್ತಿತ್ತು. ಮನೆಗೆ ಗ್ಯಾಸ್ ಬಂದು ಒಲೆ ಆರಿದ ಮೇಲೆ ಅದೇ ಅಟ್ಟದಲ್ಲಿ ಕೊರೆಹುಳುವಿನ ಹಿಟ್ಟು ಉದುರಲಾರಂಭಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇನೆ. ನಿಮ್ಮ ದೊಡ್ಡಮ್ಮನವರು ಇನ್ನೂ ಒಲೆ ಉರಿಸುತ್ತಿದ್ದರೆ ಅದು ಮುಂದುವರಿಯಲಿ. ಆ ಕಪ್ಪು ಮಸಿಯನ್ನು ಕೊಳೆಯೆಂದು ಉಜ್ಜಿ ತೆಗೆಸಬೇಡಿ, ಒಲೆಯ ಪಕ್ಕದಲ್ಲೇ ಒಂದು ಫಲಕವಿಟ್ಟು ಅದರ ಕೆಲಸವೇನೆಂದು ನೋಡುಗರಿಗೆ ತಿಳಿಸಿ.

ಇನ್ನು 1865ರ ವಿಚಾರ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ತಮ್ಮ ಮೊದಲ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ವರ್ಷ ಅದು. ಆ ವರ್ಷವನ್ನು ಅವರು ತಮ್ಮ ಹೆಸರಿನ ಜತೆಗೇ ಹೆಂಚುಗಳ ಮೇಲೆ ಅಚ್ಚೊತ್ತುತ್ತಿದ್ದರು, ಅದು ಆ ಹೆಂಚು ತಯಾರಾದ ಇಸವಿಯಲ್ಲ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಆದ್ದರಿಂದ ಮಿಷನ್ನಿನ ಹೆಸರಿರುವ ಹೆಂಚು 1865ಕ್ಕೂ ಆ ಯುದ್ಧದ ಕಾಲಕ್ಕೂ ನಡುವಿನದೆಂದು ತಿಳಿಯುವುದು ಸರಿ. ಅದೂ ಮಾಡಿನ ಕಾಲವಷ್ಟೇ, ಗೋಡೆಯ ಕಾಲವಲ್ಲ. ಹೆಂಚು ಬರುವ ಮುನ್ನ ನಮ್ಮಲ್ಲಿನ ಮನೆಗಳಿಗೆ ಹುಲ್ಲಿನ ಹೊದಿಕೆಯಿತ್ತು. ಹುಲ್ಲಿನಿಂದ ನೀರು ಬೇಗ ಜಾರಿಹೋಗಲು ಮಾಡು ಬಹಳ ಕಡಿದಾಗಿರಬೇಕಿತ್ತು. ನಿಮ್ಮ ಅಟ್ಟಕ್ಕೆ ಹತ್ತಿ ತೊಲೆಗಳನ್ನು ನೋಡಿ: ಈಗ ಬಳಕೆಯಲ್ಲಿಲ್ಲದ ಹಳೆಯ ಕಚ್ಚುಗಳು, ಗೂಟದ ತೂತುಗಳು ಬೇರೆ ಕೋನದಲ್ಲಿ ಕಾಣಿಸಿದರೆ ಹುಲ್ಲಿನ ಮಾಡೊಂದು ಅಲ್ಲಿ ಇತ್ತೆಂದೂ, ಮನೆ ನೀವು ಎಣಿಸಿರುವುದಕ್ಕಿಂತ ಹಳೆಯದೆಂದೂ ಊಹಿಸಲು ಆಧಾರ ಸಿಗುತ್ತದೆ. ಫಲಕದಲ್ಲಿ ಇಸವಿ ಬರೆಯುವ ಮೊದಲು ಇಷ್ಟು ಮಾಡಿ.

ಕನ್ನಿಕೊಂಬರೆಯ ಬಗ್ಗೆ ಹಿರಿಯರ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ಒಂದು ಮಾತು ಸೇರಿಸುತ್ತೇನೆ. ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಏನನ್ನೂ ಬರೆಯದಿದ್ದರೆ ಜನ ಅದನ್ನು ಉಗ್ರಾಣವೆಂದು ತಿಳಿದು ಮುಂದೆ ಹೋಗುತ್ತಾರೆ, ಇಲ್ಲವೇ ಯಾರೂ ಇಲ್ಲದ ಹೊತ್ತಿನಲ್ಲಿ ತಳ್ಳಿ ನೋಡುತ್ತಾರೆ. ಒಳಗೆ ಏನು ನಡೆಯುತ್ತದೆ, ಏಕೆ ತೆರೆಯುವುದಿಲ್ಲ ಎಂಬ ನಾಲ್ಕು ಸಾಲು ಅಲ್ಲಿರಲಿ.

ಉತ್ತರ 3: ಭಾಗಮಂಡಲ ಕಡೆಯ ಓದುಗಿ

ನಾವು ಅರೆಭಾಷೆ ಗೌಡರು. ನಮ್ಮ ಕುಟುಂಬಗಳಿಗೂ ಐನ್‌ಮನೆಗಳಿವೆ, ಅಲ್ಲಿಯೂ ಹಿರಿಯರಿಗೆ ಎಡೆಯಿಡುವ ಪದ್ಧತಿಯಿದೆ, ನೀವು ಹೇಳಿದ ಜಗಲಿ, ಕಂಬ, ದೀಪಗಳಿವೆ. ನಿಮ್ಮ ಫಲಕದಲ್ಲಿ ಒಂದು ಸಾಲಿನಲ್ಲಾದರೂ ಇದನ್ನು ಸೇರಿಸಿದರೆ ಹೊರಗಿನಿಂದ ಬಂದವರಿಗೆ ಕೊಡಗಿನ ಮನೆಗಳ ಪೂರ್ಣ ಚಿತ್ರ ಸಿಗುತ್ತದೆ.

ಇನ್ನೊಂದು ಸಂಗತಿ. ಮನೆ ಕಟ್ಟಿಸಿದವರ ಹೆಸರನ್ನು ಎಲ್ಲರೂ ಹೇಳುತ್ತಾರೆ, ಕಟ್ಟಿದವರದನ್ನು ಹೇಳುವುದಿಲ್ಲ. ಕೊಡಗಿನಲ್ಲಿ ಮರಗೆಲಸ, ಕಮ್ಮಾರಿಕೆಗಳನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದ ಐರಿ ಸಮುದಾಯದವರಿದ್ದಾರೆ. ನಿಮ್ಮ ಬಾಗಿಲವಾಡವನ್ನು ಕೆತ್ತಿದ ಕೈ ಯಾರದೆಂದು ಊರಿನಲ್ಲಿ ವಿಚಾರಿಸಿ ನೋಡಿ. ನಮ್ಮ ಮನೆಯ ತೊಲೆಗಳ ತುದಿಯಲ್ಲಿ ಉಳಿಯಿಂದ ಕೊರೆದ ಗೀಟುಗಳಿವೆ: ಒಂದು ಗೀಟಿನ ತೊಲೆ ಒಂದು ಗೀಟಿನ ಕಂಬಕ್ಕೆ, ಎರಡು ಗೀಟಿನದು ಎರಡಕ್ಕೆ. ನೆಲದ ಮೇಲೆ ಜೋಡಿಸಿ ನೋಡಿ, ಬಿಚ್ಚಿ, ಮತ್ತೆ ಮೇಲೇರಿಸುವಾಗ ತಪ್ಪದಿರಲೆಂದು ಹಾಕಿದ ಗುರುತುಗಳು ಅವು. ಚಿಕ್ಕವಳಿದ್ದಾಗ ಅಜ್ಜ ಅವನ್ನು ಬೆರಳಿಟ್ಟು ತೋರಿಸಿದ್ದರು. ಕೆತ್ತನೆಯ ಹೂವಿಗಿಂತ ಆ ಗೀಟುಗಳೇ ನನಗೆ ಇಂದಿಗೂ ನೆನಪಿನಲ್ಲಿವೆ. ನಿಮ್ಮ ಮನೆಯಲ್ಲಿಯೂ ಹುಡುಕಿ. ಶಾಲೆಯ ಮಕ್ಕಳು ಬಂದರೆ ಅವರಿಗೆ ಮೊದಲು ತೋರಿಸಬೇಕಾದದ್ದು ಅದು.

ಉತ್ತರ 4: ಕಕ್ಕಬ್ಬೆಯ ಓದುಗ

ನಾಲ್ಕುನಾಡು ಅರಮನೆ ನಮ್ಮ ಮನೆಯಿಂದ ದೂರವಿಲ್ಲ, ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುವುದು ನನ್ನ ರೂಢಿ. ನಿಮ್ಮ ಫಲಕಗಳನ್ನು ಬರೆಯುವ ಮೊದಲು ನೀವೂ ಒಮ್ಮೆ ನಿಧಾನವಾಗಿ ನೋಡಬೇಕಾದ ಮನೆ ಅದು. ಮನೆ ಎಂದೇ ಕರೆಯುತ್ತೇನೆ, ಏಕೆಂದರೆ ಅರಮನೆಯೆಂಬ ಹೆಸರಿದ್ದರೂ ಅದರ ಗುಣ ದೊಡ್ಡ ಮನೆಯದೇ. ಟಿಪ್ಪುವಿನ ಸೆರೆಯಿಂದ ಪಿರಿಯಾಪಟ್ಟಣದಲ್ಲಿ ತಪ್ಪಿಸಿಕೊಂಡು ಬಂದ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1790ರ ದಶಕದ ಆರಂಭದಲ್ಲಿ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಅದನ್ನು ಕಟ್ಟಿಸಿದನು. ಬಯಲುಸೀಮೆಯ ದಾರಿಗಳಿಂದ ದೂರ, ಬೆನ್ನಿಗೆ ಕೊಡಗಿನ ಅತಿ ಎತ್ತರದ ಬೆಟ್ಟ, ಸುತ್ತ ಕಾಡು: ಜಾಗದ ಆಯ್ಕೆಯಲ್ಲಿಯೇ ಕಟ್ಟಿಸಿದವನ ಆತಂಕ ಕಾಣುತ್ತದೆ. ಉತ್ತರ 1ರಲ್ಲಿ ಹೇಳಿದ ಓಣಿಯ ಕೆಲಸವನ್ನು ಅಲ್ಲಿ ಇಡೀ ಕಣಿವೆಯೇ ಮಾಡುತ್ತದೆ.

ಎರಡು ಅಂತಸ್ತು, ಹೆಂಚಿನ ಮಾಡು, ಎತ್ತರದ ಜಗಲಿ, ಕೆತ್ತನೆಯ ಮರದ ಬಾಗಿಲು ಮತ್ತು ಕಿಟಕಿಗಳು, ಗೋಡೆಯ ಮೇಲೆ ಬಣ್ಣದ ಚಿತ್ರಗಳು, ಬೆಳಕು ಸುಳಿಯದ ಒಳಕೋಣೆಗಳು. ಎದುರಿನ ಅಂಗಳದಲ್ಲಿ ಒಂದು ಪುಟ್ಟ ಮಂಟಪವಿದೆ, 1796ರಲ್ಲಿ ರಾಜನಿಗೂ ಮಹಾದೇವಮ್ಮಾಜಿಗೂ ಮದುವೆ ನಡೆದದ್ದು ಅಲ್ಲಿ ಎನ್ನುತ್ತಾರೆ. 1834ರಲ್ಲಿ ಬ್ರಿಟಿಷ್ ಸೈನ್ಯ ಮಡಿಕೇರಿಗೆ ನುಗ್ಗಿದಾಗ ಕೊನೆಯ ರಾಜ ಚಿಕ್ಕ ವೀರರಾಜೇಂದ್ರ ಹಿಂದೆ ಸರಿದು ಸೇರಿದ್ದು ಇದೇ ಮನೆಗೆ. ಇಷ್ಟು ದೊಡ್ಡ ಇತಿಹಾಸ ಹೊತ್ತ ಕೋಣೆಗಳಲ್ಲಿ ನಿಂತಾಗ ನನಗೆ ಪ್ರತಿ ಬಾರಿಯೂ ಅನಿಸುವ ಕೊರತೆ ಒಂದೇ: ಒಂದು ದೀಪವಿಲ್ಲ, ಒಂದು ಮಣೆಯಿಲ್ಲ, ಒಲೆಯ ಮಸಿಯಿಲ್ಲ. ಗೋಡೆ, ಕಂಬಗಳನ್ನು ನೋಡಿ ಅಲ್ಲಿ ಯಾರು ಎಲ್ಲಿ ಮಲಗಿದರು, ಎಲ್ಲಿ ಉಂಡರು ಎಂಬುದನ್ನು ನೆಂಟರ ಮಕ್ಕಳು ಕೇಳಿದಾಗ ನನ್ನಲ್ಲಿ ಉತ್ತರವಿರುವುದಿಲ್ಲ. ನಿಮ್ಮ ಮನೆಯಲ್ಲಿ ಆ ಉತ್ತರಗಳನ್ನು ಕೊಡುವ ಇಬ್ಬರು ಇನ್ನೂ ಬದುಕಿ, ಅದೇ ಒಲೆಯಲ್ಲಿ ಅಡುಗೆ ಮಾಡುತ್ತಿದ್ದಾರೆ.

ಮಡಿಕೇರಿ ಕೋಟೆಯೊಳಗಿನ ಅರಮನೆಯನ್ನು ನೀವು ನೋಡಿಯೇ ಇರುತ್ತೀರಿ. ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಕಟ್ಟಿಸಿದ ಆ ಇಟ್ಟಿಗೆ, ಗಾರೆಯ ಕಟ್ಟಡದಲ್ಲಿ ಐನ್‌ಮನೆಯ ಮರದ ಮೈ ಇಲ್ಲ, ಸಾಲುಕಿಟಕಿಗಳ ಆಚೀಚೆ ಯುರೋಪಿನ ಕಟ್ಟಡಗಳ ಪ್ರಭಾವ ಎದ್ದು ಕಾಣುತ್ತದೆ. ಆದರೂ ನಡುವೆ ತೆರೆದ ಅಂಗಳವನ್ನು ಬಿಟ್ಟು ಸುತ್ತ ಕೋಣೆಗಳನ್ನು ಕಟ್ಟಿದ ಕ್ರಮ ನಿಮ್ಮ ತೊಟ್ಟಿಗೆ ದೂರದ ನೆಂಟನಂತಿದೆ. ಸರ್ಕಾರಿ ಕಚೇರಿಗಳು ಬಹುಕಾಲ ಅಲ್ಲಿ ನಡೆದದ್ದರಿಂದ ಒಳಗಿನ ಮೂಲ ಸ್ವರೂಪ ಬಹಳಷ್ಟು ಬದಲಾಗಿದೆ. ಅಂಗಳದಾಚೆಯ ಗಾರೆಯ ಆನೆಗಳೆರಡು ಮಾತ್ರ ಮಕ್ಕಳಿಗೆ ಇಂದಿಗೂ ಪ್ರಿಯ. ಕೋಟೆಯ ಹಳೆಯ ಚರ್ಚಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಶಿಲ್ಪಗಳು, ಆಯುಧಗಳನ್ನು ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ಅಂಥಲ್ಲಿ ಗಾಜಿನ ಪೆಟ್ಟಿಗೆ ಬೇಕು, ಸರಿ. ನಿಮ್ಮ ಒಡಿಕತ್ತಿ, ಪೀಚೆಕತ್ತಿಗಳನ್ನು ಮಾತ್ರ ಹಾಗೆ ಪೆಟ್ಟಿಗೆಯಲ್ಲಿಟ್ಟು ನಡುಬಾಡೆಯ ಮಧ್ಯದಲ್ಲಿ ನಿಲ್ಲಿಸಬೇಡಿ. ಕೈಲ್‌ಪೊಳ್ದಿನ ದಿನ ತೋಕ್‌ಪೂ ಎಂಬ ಹೂವನ್ನು ಮುಡಿಸಿ ಪೂಜಿಸುವ ಆಯುಧಗಳು ಉಳಿದ ದಿನಗಳಲ್ಲಿ ಯಾವ ಗೋಡೆಯ ಯಾವ ಗೂಟದಲ್ಲಿರುತ್ತವೆಯೋ ಅಲ್ಲೇ ಇರಲಿ, ಕೈಗೆ ಎಟುಕದಂತೆ ಭದ್ರಪಡಿಸಿದರೆ ಸಾಕು.

ಪ್ರಶ್ನೆ ಕೇಳಿದವನು: ನಾಪೋಕ್ಲು ಕಡೆಯವನು

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಮುದ್ರಿಸಿಕೊಂಡು ಹೋಗಿ ಕಯ್ಯಾಲೆಯಲ್ಲಿ ಕುಳಿತು ದೊಡ್ಡಪ್ಪ, ದೊಡ್ಡಮ್ಮನಿಗೆ ಓದಿ ಹೇಳಿದೆ. ಸಿಮೆಂಟ್, ಟೈಲ್ಸ್‌ಗಳ ಮಾತು ಅಲ್ಲಿಗೆ ನಿಂತಿತು. ಹೊಗೆಯ ಬಗ್ಗೆ ವಾಸ್ತುಶಿಲ್ಪಿ ಅಕ್ಕ ಬರೆದದ್ದನ್ನು ಕೇಳಿ ದೊಡ್ಡಮ್ಮ ಬಹಳ ಸಂತೋಷಪಟ್ಟರು. ಗ್ಯಾಸಿನ ಒಲೆ ತಂದುಕೊಟ್ಟಾಗಲೂ ಸೌದೆಯ ಒಲೆಯನ್ನು ಬಿಡಲೊಲ್ಲದ ಅವರ ಹಟವನ್ನು ನಾವೆಲ್ಲ ಇಷ್ಟು ವರ್ಷ ತಪ್ಪಾಗಿ ತಿಳಿದಿದ್ದೆವು.

ಅಟ್ಟಕ್ಕೂ ಹತ್ತಿದೆ. ಎರಡು ತೊಲೆಗಳಲ್ಲಿ ಈಗಿನ ಪಕಾಸಿಗಳಿಗೆ ಹೊಂದದ ಹಳೆಯ ಕಚ್ಚುಗಳಿವೆ, ಅವುಗಳ ಓರೆ ಈಗಿನ ಮಾಡಿಗಿಂತ ಕಡಿದಾಗಿಯೇ ಇದೆ. ಆದ್ದರಿಂದ 1865 ಎಂಬುದನ್ನು ಕೈಬಿಟ್ಟು, ಹೆಂಚು ಬರುವ ಮೊದಲೇ ಹುಲ್ಲಿನ ಮಾಡಿನಡಿ ನಿಂತಿದ್ದ ಮನೆ ಎಂದಷ್ಟೇ ಬರೆಯಲು ನಿರ್ಧರಿಸಿದ್ದೇನೆ. ಭಾಗಮಂಡಲದ ಅಕ್ಕ ಹೇಳಿದ ಗೀಟುಗಳು ಮೂರು ಕಂಬಗಳ ನೆತ್ತಿಯಲ್ಲಿ ಸಿಕ್ಕಿವೆ, ನಾಲ್ಕನೆಯದರಲ್ಲಿ ಇಲ್ಲ. ಆ ಕಂಬವನ್ನು ತನ್ನ ತಂದೆಯ ಕಾಲದಲ್ಲಿ ಬದಲಿಸಿದ್ದೆಂದು ದೊಡ್ಡಪ್ಪ ಆಗ ನೆನಪಿಸಿಕೊಂಡರು. ಅದುವರೆಗೆ ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಕನ್ನಿಕೊಂಬರೆಯ ಬಾಗಿಲು ಮುಚ್ಚಿರುತ್ತದೆ, ಪಕ್ಕದಲ್ಲಿ ನಾಲ್ಕು ಸಾಲಿನ ಬರಹವಿರುತ್ತದೆ. ಸಂಜೆ ದೀಪ ಹಚ್ಚುವುದಕ್ಕೆ ಅರ್ಧ ಗಂಟೆ ಮೊದಲು ವೀಕ್ಷಣೆ ಮುಗಿಯುತ್ತದೆ. ಪುತ್ತರಿ, ಕೈಲ್‌ಪೊಳ್ದ್, ಕಾರೋಣರ ದಿನ ಮತ್ತು ಒಕ್ಕದಲ್ಲಿ ಸಾವಾದ ದಿನಗಳಲ್ಲಿ ಮನೆ ಹೊರಗಿನವರಿಗೆ ತೆರೆದಿರುವುದಿಲ್ಲ.

ಐಮರದ ಫಲಕಕ್ಕೆ ಹೀಗೆ ಬರೆದಿದ್ದೇನೆ, ತಿದ್ದಬೇಕೆಂದು ಉತ್ತರ 1 ಬರೆದ ಹಿರಿಯರಲ್ಲಿ ಕೋರುತ್ತೇನೆ: “ಇದು ಐಮರ. ಕಂಬಗಳನ್ನು ಕೂಡಿಸುವ ಈ ಹಲಗೆ ಹಲಸಿನ ಮರದ್ದು. ಒಕ್ಕದ ಹಿರಿಯರು ಇಲ್ಲಿ ಕುಳಿತು ಕುಟುಂಬದ ವ್ಯವಹಾರಗಳನ್ನು ತೀರ್ಮಾನಿಸುತ್ತಿದ್ದರು. ಬಲತುದಿಯಲ್ಲಿ ಪಟ್ಟೆದಾರರು ಕೂರುತ್ತಿದ್ದರು. ಇದರ ನಯ ಕೂತವರಿಂದ ಬಂದದ್ದು.”

ಉತ್ತರ 5: ವಿರಾಜಪೇಟೆ ಕಡೆಯ ನಿವೃತ್ತ ಶಿಕ್ಷಕ

ಚೆನ್ನಾಗಿದೆ. ಬಲತುದಿಯ ಮಾತು ನಮ್ಮ ಮನೆಯದು, ನಿಮ್ಮಲ್ಲಿಯೂ ಹಾಗೆಯೇ ಇತ್ತೆಂದು ದೊಡ್ಡಪ್ಪನವರು ಹೇಳಿದ್ದರೆ ಮಾತ್ರ ಉಳಿಸಿಕೊಳ್ಳಿ. ಅವರು ಯಾವ ತುದಿಯಲ್ಲಿ ಕೂರುತ್ತಾರೋ ಅದನ್ನೇ ಬರೆಯಿರಿ.

ಇನ್ನು, “ತೀರ್ಮಾನಿಸುತ್ತಿದ್ದರು”, “ಕೂರುತ್ತಿದ್ದರು” ಎಂಬ ಎರಡು ಮಾತುಗಳನ್ನು ತಿದ್ದಬೇಕು. ಮನೆಯನ್ನು ತೆರೆಯಬೇಕೆಂದು ಈ ವರ್ಷ ನಿಮ್ಮ ಹಿರಿಯರು ತೀರ್ಮಾನಿಸಿದ್ದು ಎಲ್ಲಿ ಕುಳಿತು? “ತೀರ್ಮಾನಿಸುತ್ತಾರೆ”, “ಕೂರುತ್ತಾರೆ” ಎಂದು ಬರೆಯಿರಿ.